ಸೂಜಿ ಚುಚ್ಚುವ ಹೊತ್ತಿನಲ್ಲಿ ತಾಯಿ ಎಲ್ಲಿರಬೇಕು?

ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಮಗುವಿನ ಹಿಮ್ಮಡಿ ಚುಚ್ಚಿ ರಕ್ತ ತೆಗೆಯುವಾಗ, ಡ್ರಿಪ್ ಹಾಕಲು ರಕ್ತನಾಳ ಹುಡುಕುವಾಗ, ಅಂಟಿಸಿದ್ದ ಟೇಪನ್ನು ಚರ್ಮದಿಂದ ಬಿಡಿಸುವಾಗ ತಾಯಿಗೆ ಸಾಮಾನ್ಯವಾಗಿ ಸಿಗುವ ಸೂಚನೆ ಒಂದೇ: "ಸ್ವಲ್ಪ ಹೊತ್ತು ಹೊರಗಿರಿ." ಹೇಳುವವರ ಮನಸ್ಸಿನಲ್ಲಿ ಕೇಡಿರುವುದಿಲ್ಲ. ಮಗು ಅಳುವುದನ್ನು ಕಂಡು ಹಸಿ ಬಾಣಂತಿ ಕಂಗಾಲಾಗದಿರಲಿ ಎಂಬ ಕಾಳಜಿ ಒಂದು ಕಡೆ. ಕೈಯ ಮೇಲೆ ಯಾರ ಕಣ್ಣೂ ಇಲ್ಲದಿದ್ದರೆ ಕೆಲಸ ಬೇಗ ಮುಗಿಯುತ್ತದೆ ಎಂಬ ಅನುಕೂಲ ಇನ್ನೊಂದು ಕಡೆ. ಆದರೆ ಕಳೆದ ಎರಡು ದಶಕಗಳಿಗೂ ಹೆಚ್ಚು ಕಾಲದ ಸಂಶೋಧನೆ ಈ ಪದ್ಧತಿಯನ್ನು ತಲೆಕೆಳಗು ಮಾಡಿದೆ. ತಾಯಿ ಹೊರಗೆ ಹೋಗಬೇಕೆಂದು ನಾವು ಭಾವಿಸಿದ್ದ ಆ ಕ್ಷಣದಲ್ಲೇ ಆಕೆ ಒಳಗಿರಬೇಕು. ಬರೀ ಪಕ್ಕದಲ್ಲಿ ನಿಂತಿರುವುದೂ ಸಾಲದು, ಮಗು ಆಕೆಯ ಬರಿಯ ಎದೆಯ ಮೇಲೆ, ಮೈಗೆ ಮೈ ತಾಗಿ ಮಲಗಿರಬೇಕು. ಹಾಗೆ ಮಲಗಿದ್ದಾಗ ನೋವಿನ ಲಕ್ಷಣಗಳು ಕಡಿಮೆಯಾಗುತ್ತವೆ ಎಂಬುದರಲ್ಲಿ ಈಗ ಹೆಚ್ಚಿನ ತಕರಾರು ಉಳಿದಿಲ್ಲ. ತಾಯಿಯಿಂದ ಇದು ಏನನ್ನು ಕೇಳುತ್ತದೆ, ಮತ್ತು ಅದನ್ನು ಕೊಡಲು ಆಸ್ಪತ್ರೆಗಳು ಆಕೆಗೆ ಎಷ್ಟು ಅವಕಾಶ ಮಾಡಿಕೊಡುತ್ತವೆ ಎಂಬುದರಲ್ಲಿ ಬೇಕಾದಷ್ಟು ತಕರಾರಿದೆ.

ಗರ್ಭಾವಸ್ಥೆಯ 37 ವಾರ ತುಂಬುವ ಮೊದಲೇ ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 1.34 ಕೋಟಿ ಶಿಶುಗಳು ಹೀಗೆ ದಿನ ತುಂಬುವ ಮೊದಲೇ ಹುಟ್ಟಿದವು. ಎಷ್ಟು ಬೇಗ ಹುಟ್ಟಿದರೆ ಅಷ್ಟು ಹೆಚ್ಚು ದಿನ ಆಸ್ಪತ್ರೆಯಲ್ಲಿರಬೇಕು, ಅಷ್ಟು ಹೆಚ್ಚು ಸಲ ಚುಚ್ಚಿಸಿಕೊಳ್ಳಬೇಕು. ಪ್ಯಾರಿಸ್ ಪ್ರದೇಶದ ತೀವ್ರ ನಿಗಾ ಘಟಕಗಳಲ್ಲಿ 430 ಶಿಶುಗಳನ್ನು ದಾಖಲಾದ ಮೊದಲ 14 ದಿನ ಗಮನಿಸಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಲೆಕ್ಕವನ್ನು ಸ್ಪಷ್ಟವಾಗಿ ಮುಂದಿಟ್ಟಿತು. ಮಗುವೊಂದಕ್ಕೆ ದಿನಕ್ಕೆ ಹತ್ತರ ಆಸುಪಾಸಿನಲ್ಲಿ ನೋವಿನ ಪ್ರಕ್ರಿಯೆಗಳು ನಡೆಯುತ್ತಿದ್ದವು. ಅಂಥ ಪ್ರಕ್ರಿಯೆಗಳಲ್ಲಿ ಶೇ. 79ರಷ್ಟಕ್ಕೆ ನೋವು ತಗ್ಗಿಸುವ ನಿರ್ದಿಷ್ಟ ಉಪಾಯವನ್ನು ಯಾರೂ ಮಾಡಿರಲಿಲ್ಲ. ಹಿಮ್ಮಡಿ ಚುಚ್ಚುವುದು, ಮೂಗು ಮತ್ತು ಶ್ವಾಸನಾಳದ ಕಫ ಹೀರಿ ತೆಗೆಯುವುದು, ಟೇಪು ಕೀಳುವುದು ಇವೆಲ್ಲ ಘಟಕದ ದೃಷ್ಟಿಯಲ್ಲಿ ಸಣ್ಣ ಕೆಲಸಗಳು. 28 ವಾರಕ್ಕೇ ಹುಟ್ಟಿದ, ಚರ್ಮ ಇನ್ನೂ ಬಲಿಯದ ಮಗುವಿಗೆ ಟೇಪು ಕೀಳುವುದು ಸಣ್ಣ ಕೆಲಸವೆಂದು ಹೇಗೆ ಹೇಳುವುದು?

ಇಷ್ಟು ಪುಟ್ಟ ಶಿಶುಗಳಿಗೆ ನೋವೇ ಆಗುವುದಿಲ್ಲ, ನೋವಾದರೂ ನೆನಪಿನಲ್ಲಿ ಉಳಿಯುವುದಿಲ್ಲ ಎಂಬ ನಂಬಿಕೆ ವೈದ್ಯಲೋಕದಲ್ಲಿ 1980ರ ದಶಕದವರೆಗೂ ಗಟ್ಟಿಯಾಗಿತ್ತು. ಅರಿವಳಿಕೆಯ ಅಪಾಯಕ್ಕೆ ಹೆದರಿ, ಅಲುಗಾಡದಂತೆ ಸ್ನಾಯುಗಳನ್ನು ಸ್ತಬ್ಧಗೊಳಿಸುವ ಔಷಧವನ್ನಷ್ಟೇ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿದ ಪ್ರಸಂಗಗಳಿವೆ. ಅಮೆರಿಕದಲ್ಲಿ ತನ್ನ ಮಗುವಿಗೆ ಹೀಗೆಯೇ ಆಗಿತ್ತೆಂದು ಮಗು ತೀರಿಕೊಂಡ ಮೇಲೆ ತಿಳಿದುಕೊಂಡ ತಾಯಿಯೊಬ್ಬರು ಅದನ್ನು ಸಾರ್ವಜನಿಕವಾಗಿ ಪ್ರಶ್ನಿಸಿದ್ದು ಆ ದಶಕದ ನಡುವಿನಲ್ಲಿ. 1987ರಲ್ಲಿ ಕೆ.ಜೆ.ಎಸ್. ಆನಂದ್ ಮತ್ತು ಸಂಗಡಿಗರು, ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಸರಿಯಾದ ನೋವುನಿವಾರಕ ಪಡೆದ ಅವಧಿಪೂರ್ವ ಶಿಶುಗಳ ದೇಹದಲ್ಲಿ ಒತ್ತಡದ ಹಾರ್ಮೋನುಗಳ ಏರಿಕೆ ಕಡಿಮೆಯೆಂದೂ ಆ ಬಳಿಕದ ತೊಡಕುಗಳೂ ಕಡಿಮೆಯೆಂದೂ ತೋರಿಸಿದರು. ಮರಿಯಾ ಫಿಟ್ಸ್‌ಜೆರಾಲ್ಡ್ ಅವರ ತಂಡ 1989ರಲ್ಲಿ, ಮತ್ತೆ ಮತ್ತೆ ಚುಚ್ಚಿಸಿಕೊಂಡ ಹಿಮ್ಮಡಿಯು ಮುಟ್ಟಿದರೆ ಸಾಕು ಸೆಳೆದುಕೊಳ್ಳುವಷ್ಟು ಸೂಕ್ಷ್ಮವಾಗಿಬಿಡುತ್ತದೆ ಎಂಬುದನ್ನು ದಾಖಲಿಸಿತು. ಕಾರಣ ಇಷ್ಟು: ನೋವಿನ ಸುದ್ದಿಯನ್ನು ಮೇಲಕ್ಕೆ ಒಯ್ಯುವ ನರಮಾರ್ಗಗಳು ಬೇಗ ಸಿದ್ಧವಾಗುತ್ತವೆ, ಅದನ್ನು ಮೇಲಿನಿಂದ ತಡೆದು ತಗ್ಗಿಸುವ ವ್ಯವಸ್ಥೆ ಬಲಿಯುವುದು ತಡವಾಗಿ. ಹಾಗಾಗಿ ದಿನ ತುಂಬದ ಮಗುವಿಗೆ ದೊಡ್ಡವರಿಗಿಂತ ಕಡಿಮೆ ನೋವಾಗುತ್ತದೆ ಎನ್ನುವುದಕ್ಕಿಂತ ಹೆಚ್ಚೇ ಆಗುತ್ತದೆ ಎನ್ನಲು ಆಧಾರಗಳಿವೆ. ಚುಚ್ಚುವಿಕೆಗಳ ಸಂಖ್ಯೆ ಏರಿದಂತೆ ಮಿದುಳಿನ ಬೆಳವಣಿಗೆಯಲ್ಲಿ, ಒತ್ತಡಕ್ಕೆ ದೇಹ ಸ್ಪಂದಿಸುವ ರೀತಿಯಲ್ಲಿ ವ್ಯತ್ಯಾಸಗಳು ಕಾಣುತ್ತವೆ ಎಂಬುದನ್ನು ಕೆನಡಾದ ರೂತ್ ಗ್ರುನಾವ್ ಮುಂತಾದವರ ದೀರ್ಘಕಾಲದ ಅಧ್ಯಯನಗಳು ತೋರಿಸಿವೆ.

ನೋವುನಿವಾರಕ ಔಷಧಗಳಿವೆಯಲ್ಲ ಎಂದು ಕೇಳಬಹುದು. ಶಸ್ತ್ರಚಿಕಿತ್ಸೆಗೆ ಅವು ಬೇಕೇ ಬೇಕು. ಆದರೆ ದಿನಕ್ಕೆ ಹತ್ತು ಬಾರಿ ಬಂದುಹೋಗುವ ಚುಚ್ಚುನೋವಿಗೆ ಮಾರ್ಫಿನ್‌ನಂಥ ಔಷಧ ಕೊಡುತ್ತ ಹೋದರೆ ಉಸಿರಾಟವೇ ಕುಂದುವ ಭಯವಿದೆ. ಹೀಗಾಗಿ ಎಲ್ಲೆಡೆ ಬಳಕೆಗೆ ಬಂದದ್ದು ನಾಲಿಗೆಯ ಮೇಲೆ ಹಾಕುವ ಕೆಲವು ಹನಿ ಸಕ್ಕರೆ ದ್ರಾವಣ. ಅದರ ಜೊತೆಗೆ, ಮತ್ತು ಅನೇಕ ಕಡೆ ಅದಕ್ಕೆ ಬದಲಾಗಿ, ಬಂದದ್ದು ತಾಯಿಯ ಎದೆ.

ಹೀಗೆ ಮಗುವನ್ನು ಮೈಗೆ ಮೈ ತಾಗಿಸಿ ಎದೆಯ ಮೇಲಿಟ್ಟುಕೊಳ್ಳುವ ಕಾಂಗರೂ ಆರೈಕೆ ಹುಟ್ಟಿದ್ದು ನೋವಿಗಾಗಿ ಅಲ್ಲ. 1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರುಗಳು ಸಾಲದೆ, ಸೋಂಕು ಹಬ್ಬಿ, ಶಿಶುಗಳು ಸಾಯುತ್ತಿದ್ದಾಗ ಡಾ. ಎಡ್ಗರ್ ರೇ ಸನಾಬ್ರಿಯಾ ಅವರು ಮಕ್ಕಳನ್ನು ತಾಯಂದಿರ ಎದೆಗೆ ಕಟ್ಟಿ ಬೆಚ್ಚಗಿಡುವ ಉಪಾಯ ಹೂಡಿದರು, ಡಾ. ಹೆಕ್ಟರ್ ಮಾರ್ಟಿನೆಜ್ ಅದನ್ನು ಬೆಳೆಸಿದರು. ಶಾಖ, ಎದೆಹಾಲು, ಬೇಗ ಮನೆಗೆ ಹೋಗುವುದು, ಇವು ಅಂದಿನ ಗುರಿಗಳು. ನೋವಿನ ಪ್ರಶ್ನೆ ಎದ್ದದ್ದು ಎರಡು ದಶಕಗಳ ನಂತರ. 2000ದಲ್ಲಿ ಲ್ಯಾರಿ ಗ್ರೇ ಮತ್ತು ಸಂಗಡಿಗರು ದಿನ ತುಂಬಿ ಹುಟ್ಟಿದ 30 ಆರೋಗ್ಯವಂತ ಶಿಶುಗಳ ಹಿಮ್ಮಡಿ ಚುಚ್ಚುವಾಗ ಪರೀಕ್ಷಿಸಿ ನೋಡಿದರೆ, ತಾಯಿಯ ಮೈಗೆ ತಾಗಿ ಮಲಗಿದ್ದ ಶಿಶುಗಳ ಅಳು ಶೇ. 82ರಷ್ಟು, ಮುಖ ಕಿವುಚುವುದು ಶೇ. 65ರಷ್ಟು ಕಡಿಮೆಯಾಗಿತ್ತು. 2003ರಲ್ಲಿ ಸೆಲೆಸ್ಟ್ ಜಾನ್‌ಸ್ಟನ್ ನೇತೃತ್ವದ ಕೆನಡಾದ ತಂಡ ಅದೇ ಪ್ರಶ್ನೆಯನ್ನು 32ರಿಂದ 36 ವಾರದ 74 ಅವಧಿಪೂರ್ವ ಶಿಶುಗಳಲ್ಲಿ ಕೇಳಿ, ಹೌದೆಂಬ ಉತ್ತರ ಪಡೆಯಿತು. 2008ರಲ್ಲಿ ಇನ್ನೂ ಬೇಗ, ಅಂದರೆ 28ರಿಂದ 31 ವಾರಕ್ಕೆ ಹುಟ್ಟಿದವರಲ್ಲಿ ಪರಿಣಾಮ ಅಷ್ಟು ದೊಡ್ಡದಾಗಿರಲಿಲ್ಲ. ಆದರೆ ನೋವಿನಿಂದ ಚೇತರಿಸಿಕೊಳ್ಳಲು ಅವರಿಗೆ ಸುಮಾರು ಒಂದು ನಿಮಿಷ ಕಡಿಮೆ ಸಾಕಾಯಿತು. 2017ರ ಹೊತ್ತಿಗೆ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ವಿಮರ್ಶೆ ಒಟ್ಟುಗೂಡಿಸಿದ್ದು 25 ಅಧ್ಯಯನಗಳನ್ನು, 2,001 ಶಿಶುಗಳನ್ನು. ಕ್ರಮ ಸುರಕ್ಷಿತ, ಪರಿಣಾಮಕಾರಿ ಎಂಬುದೇ ಅದರ ಒಟ್ಟಾರೆ ತೀರ್ಮಾನ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಗು ಮಾತಾಡಲಾರದ ಕಾರಣ ನೋವನ್ನು ಅಳೆಯುವುದು ಹೊರಗಿನ ಗುರುತುಗಳಿಂದ: ಹುಬ್ಬು ಗಂಟಿಕ್ಕುವುದು, ಕಣ್ಣು ಬಿಗಿಯಾಗಿ ಮುಚ್ಚುವುದು, ಮೂಗಿನಿಂದ ತುಟಿಯಂಚಿಗೆ ಬೀಳುವ ಗೆರೆ, ಎದೆಬಡಿತದ ಏರಿಕೆ, ರಕ್ತದ ಆಮ್ಲಜನಕದ ಇಳಿಕೆ. ಇವಕ್ಕೆ ಮಗುವಿನ ವಾರಗಳನ್ನೂ ಎಚ್ಚರದ ಸ್ಥಿತಿಯನ್ನೂ ಸೇರಿಸಿ ಅಂಕ ಕೊಡುತ್ತಾರೆ. ಮುಖದಲ್ಲಿ ಏನೂ ಕಾಣದಿದ್ದರೂ ಮಿದುಳಿನಲ್ಲಿ ನೋವಿನ ಪ್ರತಿಕ್ರಿಯೆ ಇರಬಹುದು ಎಂದು ಲಂಡನ್ನಿನ ಸಂಶೋಧಕರು 2008ರಲ್ಲಿ ತೋರಿಸಿದ್ದಾರೆ. 2010ರಲ್ಲಿ ರೆಬೆಕಾ ಸ್ಲೇಟರ್ ಅವರ ತಂಡ, ಸಕ್ಕರೆ ದ್ರಾವಣ ಕೊಟ್ಟಾಗ ಮುಖದ ಗುರುತುಗಳು ತಗ್ಗಿದರೂ ಮಿದುಳಿನ ಪ್ರತಿಕ್ರಿಯೆ ತಗ್ಗಲಿಲ್ಲ ಎಂದು ವರದಿ ಮಾಡಿದಾಗ ದೊಡ್ಡ ಚರ್ಚೆಯೇ ಎದ್ದಿತು. ತಾಯಿಯ ಸ್ಪರ್ಶದ ಬಗ್ಗೆಯೂ ಅದೇ ಅನುಮಾನ ನ್ಯಾಯವಾದದ್ದು. 2021ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ತಂಡ 27 ಶಿಶುಗಳ ಮಿದುಳಿನ ಚಟುವಟಿಕೆಯನ್ನು ದಾಖಲಿಸಿ, ಬಟ್ಟೆ ತೊಟ್ಟ ಪೋಷಕರ ತೋಳಲ್ಲಿದ್ದವರಿಗಿಂತ ಮೈಗೆ ಮೈ ತಾಗಿದ್ದವರ ಮಿದುಳು ಚುಚ್ಚುವಿಕೆಗೆ ಕಡಿಮೆ ಪ್ರತಿಕ್ರಿಯಿಸಿತೆಂದು ಕಂಡಿತು. ಸಣ್ಣ ಅಧ್ಯಯನ, ಆದರೂ ಬಟ್ಟೆಯ ಒಂದು ಪದರ ಇದೆಯೋ ಇಲ್ಲವೋ ಎಂಬುದು ಮುಖ್ಯವಾಗುತ್ತದೆ ಎಂಬ ಸುಳಿವು ಅದರಲ್ಲಿದೆ. ತಾಯಿಯ ಮೈಶಾಖ, ವಾಸನೆ, ಎದೆಬಡಿತ, ಉಸಿರಿನ ಏರಿಳಿತ ಇವೆಲ್ಲ ಒಟ್ಟಾಗಿ ಬಂದು ನೋವಿನ ಜೊತೆ ಪೈಪೋಟಿಗಿಳಿಯುತ್ತವೆ ಎಂಬುದು ಒಂದು ವಿವರಣೆ. ಆಕ್ಸಿಟೋಸಿನ್ ಎಂಬ ಹಾರ್ಮೋನು ಮತ್ತು ದೇಹದೊಳಗೇ ಹುಟ್ಟುವ ನೋವುಶಾಮಕ ರಾಸಾಯನಿಕಗಳು ಬಿಡುಗಡೆಯಾಗುತ್ತವೆ ಎಂಬುದು ಇನ್ನೊಂದು. ಎರಡೂ ಸೇರಿಯೇ ಕೆಲಸ ಮಾಡುತ್ತಿರಬಹುದು.

ಇಷ್ಟು ಹಿನ್ನೆಲೆಯೊಂದಿಗೆ ತಾಯಿಯ ಕಡೆಗೆ ತಿರುಗೋಣ. ಪ್ರಯೋಗಗಳ ವರದಿಗಳಲ್ಲಿ ಆಕೆ ಇರುವುದು "ವಿಧಾನ" ಎಂಬ ಭಾಗದ ಒಂದು ಸಾಲಿನಲ್ಲಿ: ಶಿಶುವನ್ನು ಪ್ರಕ್ರಿಯೆಗೆ ಇಷ್ಟು ನಿಮಿಷ ಮೊದಲು ತಾಯಿಯ ಎದೆಯ ಮೇಲೆ ಇಡಲಾಯಿತು. ಆ ಒಂದು ಸಾಲಿನ ಒಳಗೆ ಏನೆಲ್ಲ ಇರುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಸಿಸೇರಿಯನ್ ಹೊಲಿಗೆ ಇನ್ನೂ ಎಳೆಯುತ್ತಿರುವ ಹೆಂಗಸು ಒರಗುಕುರ್ಚಿಯಲ್ಲಿ ಅರೆಮಲಗಿ, ಮೇಲುಡುಪಿನ ಗುಂಡಿ ಬಿಚ್ಚಿ ಕಾಯುತ್ತಾಳೆ. ನರ್ಸ್ ಒಬ್ಬರು ಮಗುವನ್ನು ಎತ್ತುತ್ತಾರೆ, ಇನ್ನೊಬ್ಬರು ಉಸಿರಾಟದ ನಳಿಕೆ ಮತ್ತು ಮಾನಿಟರಿನ ತಂತಿಗಳು ಎಳೆಯದಂತೆ ಹಿಡಿದುಕೊಳ್ಳುತ್ತಾರೆ. ಡಯಾಪರು, ಟೋಪಿಗಳಷ್ಟೇ ತೊಟ್ಟ ಮಗು ಎರಡು ಮೊಲೆಗಳ ನಡುವೆ ನೆಟ್ಟಗೆ, ಕಪ್ಪೆಯಂತೆ ಕಾಲು ಮಡಿಸಿ, ಕೆನ್ನೆ ಎದೆಗಿಟ್ಟು ಕೂರುತ್ತದೆ. ಬೆನ್ನ ಮೇಲೆ ಹೊದಿಕೆ ಬೀಳುತ್ತದೆ. ಮೊದಲ ಕೆಲವು ನಿಮಿಷ ಮಾನಿಟರಿನ ಅಂಕಿ ಏರಿಳಿಯುತ್ತದೆ, ತಾಯಿಯ ಕಣ್ಣು ಅಲ್ಲೇ ನೆಟ್ಟಿರುತ್ತದೆ. ಆಮೇಲೆ ಮಗು ಸಡಿಲವಾಗುತ್ತದೆ. ಹದಿನೈದು ನಿಮಿಷ ಕಳೆದ ಮೇಲೆ ರಕ್ತ ತೆಗೆಯುವವರು ನೆಲಕ್ಕೆ ಮಂಡಿಯೂರಿಯೋ ಮೋಟು ಸ್ಟೂಲಿನ ಮೇಲೆ ಕುಳಿತೋ ಹೊದಿಕೆಯ ಅಂಚಿನಿಂದ ಒಂದು ಪಾದವನ್ನು ಮಾತ್ರ ಹೊರಗೆ ತೆಗೆಯುತ್ತಾರೆ. ಚುಚ್ಚಿದಾಗ ಮಗುವಿನ ಇಡೀ ಬೆನ್ನು ಸೆಟೆಯುವುದನ್ನು ತಾಯಿ ಕಣ್ಣಿನಿಂದ ನೋಡುವುದಿಲ್ಲ, ತನ್ನ ಎದೆಯಲ್ಲಿ ಅನುಭವಿಸುತ್ತಾಳೆ. ಹನಿ ಹನಿಯಾಗಿ ರಕ್ತ ಹಿಂಡುವಷ್ಟು ಹೊತ್ತೂ ಹಾಗೆಯೇ. ಮತ್ತೆ ಸಡಿಲವಾಗುವುದನ್ನೂ ಆಕೆ ಎದೆಯಲ್ಲೇ ಅರಿಯುತ್ತಾಳೆ.

ಈ ಕೊನೆಯ ಎರಡು ಸಂಗತಿಗಳಲ್ಲೇ ತಾಯಂದಿರ ಅನುಭವದ ತಿರುಳಿದೆ. ಗಾಜಿನ ಆಚೆ ನಿಂತು ನೋಡಿದವಳಿಗೆ ಸಿಗುವುದು ನೋವಿನ ಆರಂಭ ಮಾತ್ರ. ಕೊನೆ ಆಕೆಯ ಪಾಲಿಗೆ ಬರುವುದಿಲ್ಲ, ಏಕೆಂದರೆ ಮಗು ಇನ್‌ಕ್ಯುಬೇಟರಿನಲ್ಲಿ ಯಾವಾಗ ಸಮಾಧಾನವಾಯಿತೆಂದು ಹೊರಗಿದ್ದವರಿಗೆ ತಿಳಿಯದು. ಎದೆಯ ಮೇಲಿಟ್ಟುಕೊಂಡವಳಿಗೆ ಎರಡೂ ತಿಳಿಯುತ್ತದೆ. ಅತಿ ಬೇಗ ಹುಟ್ಟಿದ ಶಿಶುಗಳ ಪ್ರಯೋಗದಲ್ಲಿ ಉಳಿದ ಆ ಒಂದು ನಿಮಿಷ ಅಂಕಿಅಂಶದ ಕಣ್ಣಿಗೆ ಚಿಕ್ಕದು. ತಾಯಿಯ ಪಾಲಿಗೆ ಅದು "ನನ್ನಿಂದ ಇದಕ್ಕೆ ಸಮಾಧಾನವಾಯಿತು" ಎಂದು ಮೈಗೆ ತಾಗಿ ತಿಳಿಯುವ ನಿಮಿಷ. ಹೆರಿಗೆ ಎಣಿಸಿದಂತೆ ನಡೆಯದೆ, ಮಗುವನ್ನು ಯಂತ್ರಗಳು ನೋಡಿಕೊಳ್ಳುತ್ತಿರುವಾಗ, ತಾನು ಇಲ್ಲಿ ಬಂದುಹೋಗುವ ಅತಿಥಿ ಎಂದುಕೊಂಡಿದ್ದವಳಿಗೆ ಬೇರೆ ಯಾರೂ ಮಾಡಲಾಗದ ಒಂದು ಕೆಲಸ ದೊರೆಯುತ್ತದೆ. ಮಗುವಿನ ಮುಖದ ಸಣ್ಣ ಬದಲಾವಣೆಗಳನ್ನು ಓದಲು ಆಕೆ ಕಲಿಯುತ್ತಾಳೆ. ಕೆಲವು ದಿನಗಳಲ್ಲೇ ಪಾಳಿ ಬದಲಿಸುವ ಸಿಬ್ಬಂದಿಗಿಂತ ಚೆನ್ನಾಗಿ ಓದಬಲ್ಲವಳಾಗುತ್ತಾಳೆ.

ಆದರೆ ಎಲ್ಲ ತಾಯಂದಿರ ಅನುಭವವೂ ಹೀಗೆಯೇ ಎಂದರೆ ತಪ್ಪಾಗುತ್ತದೆ. ಕಾಂಗರೂ ಆರೈಕೆ ನೀಡಿದ ಪೋಷಕರ ಮಾತುಗಳನ್ನು ಆಧರಿಸಿದ ಗುಣಾತ್ಮಕ ಅಧ್ಯಯನಗಳನ್ನೆಲ್ಲ ಸೇರಿಸಿ ಸ್ವೀಡನ್ನಿನ ಸಂಶೋಧಕರು 2014ರಲ್ಲಿ ಮಾಡಿದ ಸಮಗ್ರ ವಿಶ್ಲೇಷಣೆ ಎರಡು ಮುಖಗಳನ್ನು ಒಟ್ಟೊಟ್ಟಿಗೆ ಗುರುತಿಸಿತು: ಇದು ಕಳೆದದ್ದನ್ನು ಮರಳಿ ಕೊಡುವ ಅನುಭವ, ಹಾಗೆಯೇ ಶಕ್ತಿ ಹೀರುವ ಅನುಭವ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕೂರುವುದು, ಬೆನ್ನುನೋವು, ಸೋರುವ ಹಾಲು, ಹೊರಳಲಾಗದ ಸ್ಥಿತಿ, ಅಪರಿಚಿತರು ಓಡಾಡುವ ಕೋಣೆಯಲ್ಲಿ ಎದೆ ತೆರೆದುಕೊಂಡಿರುವ ಮುಜುಗರ, ಮನೆಯಲ್ಲಿ ಕಾಯುತ್ತಿರುವ ಇನ್ನೊಂದು ಮಗುವಿನ ಚಿಂತೆ, ನಳಿಕೆ ಕಳಚಿಬಿಟ್ಟರೆ ಎಂಬ ಭಯ. ಇದರ ಮೇಲೆ ನೋವಿನ ಪ್ರಕ್ರಿಯೆಯೂ ಸೇರಿದಾಗ ಹೊರೆ ಬೇರೆಯದೇ ಆಗುತ್ತದೆ. ಫಿನ್ಲೆಂಡಿನ ಅನ್ನಾ ಆಕ್ಸೆಲಿನ್ ಮತ್ತು ಸಂಗಡಿಗರು 2010ರಲ್ಲಿ ಮಗುವಿನ ನೋವಿನ ಆರೈಕೆಯಲ್ಲಿ ತಾಯಂದಿರು ತೊಡಗಿಕೊಳ್ಳುವ ಬಗೆಗಳನ್ನು ಮೂರಾಗಿ ಗುರುತಿಸಿದ್ದಾರೆ. ಇದು ನರ್ಸುಗಳ ಕೆಲಸ ಎಂದು ಹೊರಗುಳಿಯುವವರು, ಸಂದರ್ಭ ಒದಗಿದಾಗ ಮಾತ್ರ ಕೈಜೋಡಿಸುವವರು, ಇದು ತನ್ನದೇ ಕೆಲಸ ಎಂದು ಒಳಗು ಮಾಡಿಕೊಂಡವರು. ಮೊದಲ ಗುಂಪಿನವರನ್ನು ಮಮತೆ ಇಲ್ಲದವರೆಂದು ಬಗೆಯುವುದು ಸುಲಭ, ಮತ್ತು ತೀರ ಅನ್ಯಾಯ. ಆಘಾತದಿಂದ ಇನ್ನೂ ಚೇತರಿಸಿಕೊಳ್ಳದವಳು, ತಾನು ತಾಯಿಯಾದೆನೆಂಬುದೇ ಇನ್ನೂ ಮನಸ್ಸಿಗೆ ಇಳಿಯದವಳು ಆ ಕ್ಷಣದಲ್ಲಿ ಹೊರಗೆ ಹೋಗಲು ಬಯಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಅವಳು ನಾಳೆ ಮನಸ್ಸು ಬದಲಿಸಬಹುದು, ಬದಲಿಸದೆಯೂ ಇರಬಹುದು.

ತಾಯಂದಿರು ಬಾಯಿಬಿಟ್ಟು ಕೇಳಲು ಹಿಂಜರಿಯುವ ಪ್ರಶ್ನೆಯೊಂದಿದೆ. ನನ್ನ ಎದೆಯ ಮೇಲಿದ್ದಾಗಲೇ ಪ್ರತಿ ಸಲ ಚುಚ್ಚಿದರೆ, ಮಗು ನನ್ನ ಮೈವಾಸನೆಯನ್ನು ನೋವಿನ ಜೊತೆ ತಳುಕು ಹಾಕಿಕೊಂಡುಬಿಡುವುದಿಲ್ಲವೇ? ಮಗುವಿಗೆ ನೆಮ್ಮದಿಯ ತಾಣವಾಗಬೇಕಾದವಳು ಎಚ್ಚರಿಕೆಯ ಗಂಟೆಯಾಗಿಬಿಡುವುದಿಲ್ಲವೇ? ಪ್ರಶ್ನೆ ಅರ್ಥವಿಲ್ಲದ್ದಲ್ಲ. ಆದರೆ ಈವರೆಗಿನ ಆಧಾರ ಆ ಭಯದ ಪರವಾಗಿಲ್ಲ. ಮಾರ್ಶಾ ಕ್ಯಾಂಪ್‌ಬೆಲ್-ಯಿಯೋ ಮತ್ತು ಸಂಗಡಿಗರು 242 ಅವಧಿಪೂರ್ವ ಶಿಶುಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ತಾಯಿಯ ಸ್ಪರ್ಶ, ಇನ್ನೊಂದಕ್ಕೆ ಸಕ್ಕರೆ ದ್ರಾವಣ, ಮತ್ತೊಂದಕ್ಕೆ ಎರಡನ್ನೂ ಆಸ್ಪತ್ರೆವಾಸದುದ್ದಕ್ಕೂ ಪ್ರತಿ ನೋವಿನ ಪ್ರಕ್ರಿಯೆಗೂ ಕೊಡುವ ಪ್ರಯೋಗ ನಡೆಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂರರ ನಡುವೆ ವ್ಯತ್ಯಾಸವಿರಲಿಲ್ಲ, ಮತ್ತು ಮತ್ತೆ ಮತ್ತೆ ಬಳಸಿದ್ದರಿಂದ ತಾಯಿಯ ಸ್ಪರ್ಶದ ಪರಿಣಾಮ ಮಾಸಲೂ ಇಲ್ಲ. ತಾಯಿ ನೋವಿನ ಗುರುತಾಗಿಬಿಡುವುದಾಗಿದ್ದರೆ ವಾರಗಳು ಕಳೆದಂತೆ ಫಲ ಕುಗ್ಗುತ್ತ ಹೋಗಬೇಕಿತ್ತು. ಇನ್ನೊಂದು ಲೆಕ್ಕವನ್ನೂ ನೆನಪಿಡಬೇಕು: ದಿನದ ಬಹುಪಾಲು ಗಂಟೆ ನೋವಿಲ್ಲದೆ ಎದೆಯ ಮೇಲೆ ಕಳೆಯುವ ಮಗುವಿಗೆ ಆ ಎದೆಯ ಅರ್ಥ ಕೆಲವು ನಿಮಿಷಗಳ ಚುಚ್ಚುವಿಕೆಯಿಂದ ನಿರ್ಧಾರವಾಗುವುದಿಲ್ಲ. ಅಂದರೆ ನೋವಿನ ಹೊತ್ತಿಗೆ ಮಾತ್ರ ತಾಯಿಯನ್ನು ಕರೆದು, ಉಳಿದ ಹೊತ್ತು ದೂರವಿಡುವ ಘಟಕದಲ್ಲಿ ಈ ಪ್ರಶ್ನೆಗೆ ಉತ್ತರ ಇಷ್ಟು ನಿರಾಳವಾಗಿ ಹೇಳಲಾಗದು.

ಮಗು ಅತ್ತಾಗ ತಾನೇನೋ ತಪ್ಪು ಮಾಡುತ್ತಿದ್ದೇನೆ, ಇನ್ನೂ ಏನಾದರೂ ಮಾಡಬೇಕಿತ್ತು ಎಂಬ ಅಳುಕೂ ಸಾಮಾನ್ಯ. ತೂಗುವುದು, ಹಾಡುವುದು, ಬೆರಳು ಚೀಪಿಸುವುದು ಇವನ್ನೆಲ್ಲ ಸೇರಿಸಿ ನೋಡಿದ ಪ್ರಯೋಗವೊಂದು 2009ರಲ್ಲಿ ಪ್ರಕಟವಾಯಿತು. ಸುಮ್ಮನೆ ಎದೆಗಿಟ್ಟುಕೊಂಡದ್ದಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಈ ಫಲಿತಾಂಶವನ್ನು ತಾಯಂದಿರಿಗೆ ಮೊದಲ ದಿನವೇ ಹೇಳಬೇಕು ಎನಿಸುತ್ತದೆ. ಆಕೆ ಏನನ್ನೂ ಸಾಧಿಸಿ ತೋರಿಸಬೇಕಿಲ್ಲ, ಇದ್ದರೆ ಸಾಕು. ಮಗು ಒಂದಿಷ್ಟು ಅತ್ತೇ ಅಳುತ್ತದೆ, ಸ್ಪರ್ಶ ನೋವನ್ನು ಅಳಿಸುವುದಿಲ್ಲ, ತಗ್ಗಿಸುತ್ತದೆ, ಬೇಗ ದಾಟಿಸುತ್ತದೆ. ಇದನ್ನು ಮುಂಚೆಯೇ ತಿಳಿಸದೆ "ನಿಮ್ಮ ಎದೆಯ ಮೇಲಿದ್ದರೆ ನೋವೇ ಆಗುವುದಿಲ್ಲ" ಎಂದು ಉತ್ಸಾಹದಿಂದ ಹೇಳುವವರು, ಅಳು ಕೇಳಿದ ಮರುಕ್ಷಣ ತಾಯಿಯ ಮನಸ್ಸಿನಲ್ಲಿ ಸೋಲಿನ ಭಾವ ಬಿತ್ತಿರುತ್ತಾರೆ.

ತಂದೆಯ ಎದೆ ಆಗುವುದಿಲ್ಲವೇ? ಆಗುತ್ತದೆ. ತಂದೆ ತಾಯಿಯರನ್ನು ಹೋಲಿಸಿದ 2011ರ ಕೆನಡಾದ ಅಧ್ಯಯನದಲ್ಲಿ ಮೊದಲ ಒಂದು ನಿಮಿಷ ತಾಯಿಯ ಕಡೆಗೆ ಅಲ್ಪ ಹೆಚ್ಚಳವಿತ್ತು, ಆಮೇಲೆ ಅದೂ ಉಳಿಯಲಿಲ್ಲ. ತಾಯಿ ಜ್ವರದಲ್ಲಿದ್ದಾಗ, ಇನ್ನೂ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿದ್ದಾಗ, ದಣಿದು ನಿದ್ದೆ ಹೋದಾಗ ತಂದೆಯನ್ನೋ ಆಕೆ ಒಪ್ಪಿದ ಬೇರೊಬ್ಬರನ್ನೋ ಕರೆಯಲು ಇದು ಸಾಕಷ್ಟು ಆಧಾರ. ಕೆನಡಾದಲ್ಲಿ ಯಾರೂ ಸಿಗದ ಹೊತ್ತಿಗೆಂದು ತಾಯಿಯ ಎದೆಬಡಿತದ ಸದ್ದನ್ನೂ ಉಸಿರಿನ ಏರಿಳಿತವನ್ನೂ ಅನುಕರಿಸುವ "ಕಾಮರ್" ಎಂಬ ಯಂತ್ರಹಾಸಿಗೆಯನ್ನೂ ರೂಪಿಸಿದ್ದಾರೆ. 2019ರ ಪರೀಕ್ಷೆಯಲ್ಲಿ ಅದು ನರ್ಸಿನ ಕೈಗಳು ಮಗುವನ್ನು ಮುದುರಿಸಿ ಹಿಡಿದಷ್ಟೇ ಫಲ ಕೊಟ್ಟಿತು. ಜಾಣ ಪ್ರಯತ್ನವೇ ಸರಿ. ಆದರೆ ಇಷ್ಟು ಹಣ ಮತ್ತು ತಲೆ ಖರ್ಚಾಗುವ ಮುನ್ನ ತಾಯಿಗೆ ಮಲಗಲು ಒಂದು ಮಂಚ ಹಾಕಿದ ಘಟಕಗಳೆಷ್ಟು ಎಂದು ಕೇಳಬೇಕೆನಿಸುತ್ತದೆ.

ಏಕೆಂದರೆ ಅಡಚಣೆ ಇರುವುದು ಬಹುಮಟ್ಟಿಗೆ ಅಲ್ಲಿಯೇ. ರಕ್ತದ ಮಾದರಿಗಳನ್ನು ನಸುಕಿನಲ್ಲಿ, ಪ್ರಯೋಗಾಲಯದ ಅನುಕೂಲಕ್ಕೆ ತಕ್ಕಂತೆ ತೆಗೆಯುವ ರೂಢಿಯಿದ್ದರೆ ಆ ಹೊತ್ತಿಗೆ ತಾಯಿ ಅಲ್ಲಿರುವುದಿಲ್ಲ. ಭೇಟಿಯ ಸಮಯ ಎಂಬ ಕಟ್ಟಳೆಯಿದ್ದರೆ ಆಕೆ ಭೇಟಿಗಾರ್ತಿಯೇ ಆಗಿರುತ್ತಾಳೆ. ಒರಗುಕುರ್ಚಿ ಇಲ್ಲ, ಮರೆಗೆ ಪರದೆ ಇಲ್ಲ, ಇಬ್ಬರು ನರ್ಸುಗಳು ಒಟ್ಟಿಗೆ ಬಿಡುವಾಗುವುದಿಲ್ಲ. ಚುಚ್ಚುವವರ ಕಷ್ಟವನ್ನೂ ತಳ್ಳಿಹಾಕುವಂತಿಲ್ಲ: ಮಗುವನ್ನು ಬೆಚ್ಚಗಿಡುವ ವಾರ್ಮರ್ ಹಾಸಿಗೆಯ ಮೇಲೆ ಬೆಳಕು ಸರಿಯಾಗಿ ಬೀಳುತ್ತದೆ, ಸೊಂಟದ ಎತ್ತರಕ್ಕೆ ಕೆಲಸ ಸಿಗುತ್ತದೆ, ತಾಯಿಯ ಮಡಿಲಲ್ಲಿ ಬೆನ್ನು ಬಾಗಿಸಿ, ಮೂಲೆಯಲ್ಲಿ ಕೈತೂರಿಸಿ, ಆಕೆ ನೋಡುತ್ತಿರುವಾಗ ಎರಡನೇ ಸಲ ಚುಚ್ಚಬೇಕಾದೀತು ಎಂಬ ಅಳುಕಿನಲ್ಲಿ ಮಾಡಬೇಕು. ಈ ಅಳುಕನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. "ತಾಯಿಗೆ ತಡೆದುಕೊಳ್ಳಲಾಗುವುದಿಲ್ಲ" ಎಂಬ ಮಾತಿನ ಹಿಂದೆ ಅದು ಅಡಗಿರುತ್ತದೆ. ತಾಯಿಯ ದೌರ್ಬಲ್ಯವೆಂದು ನಾವು ಕರೆಯುವುದರಲ್ಲಿ ಒಂದಷ್ಟು ಪಾಲು ಸಂಸ್ಥೆಯ ಸಂಕೋಚ ಎಂಬುದು ಈ ಲೇಖಕನ ಅಭಿಪ್ರಾಯ. ಬ್ರಿಟನ್ನಿನಲ್ಲಿ ಲಿಂಡಾ ಫ್ರಾಂಕ್ ಮತ್ತು ಸಂಗಡಿಗರು ಮಗುವಿನ ನೋವಿನ ಬಗ್ಗೆ ಪೋಷಕರಿಗೆ ಮಾಹಿತಿ ಕೊಟ್ಟು, ಸಮಾಧಾನಪಡಿಸುವ ವಿಧಾನಗಳನ್ನು ಕಲಿಸಿ ನಡೆಸಿದ, 2011ರಲ್ಲಿ ಪ್ರಕಟವಾದ ಪ್ರಯೋಗದ ಫಲಿತಾಂಶ ಇಲ್ಲಿ ಗಮನಾರ್ಹ. ಪೋಷಕರ ಒತ್ತಡ ಅದರಿಂದ ಕಡಿಮೆಯಾಗಲಿಲ್ಲ. ಆದರೆ ಅವರು ಹೆಚ್ಚು ತೃಪ್ತರಾಗಿದ್ದರು, ಮತ್ತು ಮನೆಗೆ ಹೋದ ಮೇಲೆ ಪೋಷಕರ ಪಾತ್ರದಲ್ಲಿ ಹೆಚ್ಚು ನೆಲೆಗೊಂಡಿದ್ದರು. ಸಂಕಟ ಕಡಿಮೆಯಾಗುವುದೇ ಗುರಿ ಎಂದುಕೊಂಡರೆ ತಾಯಿಯನ್ನು ಹೊರಗೆ ಕಳುಹಿಸುವುದೇ ಸರಿಯೆನಿಸಬಹುದು. ಸಂಕಟದ ನಡುವೆಯೂ ತಾಯಿಯಾಗುವುದು ಗುರಿಯಾದರೆ ಲೆಕ್ಕ ಬದಲಾಗುತ್ತದೆ.

ಮಂಚದ ಮಾತು ಬರೀ ಆಶಯದ ಮಾತಲ್ಲ. ಘಾನಾ, ಭಾರತ, ಮಲಾವಿ, ನೈಜೀರಿಯಾ ಮತ್ತು ತಾಂಜಾನಿಯಾದ ಐದು ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ದೊಡ್ಡ ಪ್ರಯೋಗದ ಫಲಿತಾಂಶ 2021ರಲ್ಲಿ ಹೊರಬಂತು. ಹುಟ್ಟುವಾಗ 1 ಕಿಲೋದಿಂದ 1.799 ಕಿಲೋವರೆಗೆ ತೂಗಿದ 3,211 ಶಿಶುಗಳಲ್ಲಿ ಒಂದು ಗುಂಪಿಗೆ ಸ್ಥಿತಿ ಸುಧಾರಿಸುವವರೆಗೆ ಕಾಯದೆ ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಆರಂಭಿಸಿದರು. ಅದಕ್ಕಾಗಿ ತೀವ್ರ ನಿಗಾ ಘಟಕದ ಒಳಗೇ ತಾಯಂದಿರ ಮಂಚಗಳನ್ನು ಹಾಕಬೇಕಾಯಿತು. ಆ ಗುಂಪಿನ ಶಿಶುಗಳು ಘಟಕದಲ್ಲಿದ್ದಾಗ ದಿನಕ್ಕೆ ಸುಮಾರು 17 ಗಂಟೆ ಮೈಗೆ ಮೈ ತಾಗಿದ್ದವು; ಇನ್ನೊಂದು ಗುಂಪಿನವು ಸುಮಾರು ಒಂದೂವರೆ ಗಂಟೆ. ಮೊದಲ 28 ದಿನಗಳ ಸಾವು ಶೇ. 15.7ರಿಂದ ಶೇ. 12ಕ್ಕೆ ಇಳಿಯಿತು. 2022ರಲ್ಲಿ ಸಂಸ್ಥೆ ಹೊರಡಿಸಿದ ಶಿಫಾರಸುಗಳು ಹುಟ್ಟಿದ ಕೂಡಲೇ ಆರಂಭಿಸಿ ದಿನಕ್ಕೆ 8ರಿಂದ 24 ಗಂಟೆ ಈ ಆರೈಕೆ ನೀಡಬೇಕೆನ್ನುತ್ತವೆ. ಪ್ರಯೋಗ ನಡೆದದ್ದು ಬದುಕುಳಿಯುವಿಕೆಗಾಗಿ, ನೋವಿಗಾಗಿ ಅಲ್ಲ. ಆದರೆ ತಾಯಿ ಅಲ್ಲೇ ಮಲಗಿದ್ದರೆ ಚುಚ್ಚುವ ಹೊತ್ತಿಗೆ ಆಕೆಯನ್ನು ಕರೆಸುವ ಪ್ರಶ್ನೆಯೇ ಏಳುವುದಿಲ್ಲ, ಮಗು ಆಗಲೇ ಎದೆಯ ಮೇಲಿರುತ್ತದೆ.

ಎಲ್ಲ ಪ್ರಕ್ರಿಯೆಯೂ ಎದೆಯ ಮೇಲೆ ಸಾಧ್ಯವಿಲ್ಲ. ಉಸಿರಾಟದ ನಳಿಕೆ ಇಳಿಸುವಾಗ, ಕಣ್ಣಿನ ಹಿಂಭಾಗದ ಅಕ್ಷಿಪಟಲದ ರಕ್ತನಾಳಗಳ ತಪಾಸಣೆಗೆ ರೆಪ್ಪೆ ಅಗಲಿಸಿ ಹಿಡಿಯುವಾಗ, ಬೆನ್ನುಹುರಿಯ ದ್ರವ ತೆಗೆಯುವಾಗ ಮಗು ಮಟ್ಟಸವಾಗಿ ಮಲಗಿರಲೇಬೇಕು. ಅಲ್ಲಿ ತಾಯಿಯ ಎರಡು ಕೈಗಳಿಗೆ ಕೆಲಸವಿದೆ: ಒಂದು ಅಂಗೈ ತಲೆಯ ಮೇಲೆ, ಇನ್ನೊಂದು ಮಡಿಸಿದ ಕಾಲುಗಳ ಮೇಲೆ ಇಟ್ಟು ಮಗುವನ್ನು ಗರ್ಭದಲ್ಲಿದ್ದಂತೆ ಮುದುರಿಸಿ ಹಿಡಿಯುವುದು. ಪೋಷಕರು ಇದನ್ನು ಚೆನ್ನಾಗಿ ಮಾಡಬಲ್ಲರು, ಇದರಿಂದಲೂ ನೋವಿನ ಗುರುತುಗಳು ತಗ್ಗುತ್ತವೆ ಎಂಬುದನ್ನು ಫಿನ್ಲೆಂಡಿನದೇ 2006ರ ಅಧ್ಯಯನ ತೋರಿಸಿತ್ತು. ಹಿಡಿಯಲು ಅವಕಾಶವೇ ಇಲ್ಲದಿದ್ದರೆ ಮುಗಿದ ಮೇಲೆ ಎದೆಗೆ ಹಾಕುವುದು. ಔಷಧ ಬೇಕಾದ ಕಡೆ ಔಷಧವೇ ಬೇಕು. "ತಾಯಿಯಿದ್ದಾಳಲ್ಲ" ಎಂದು ಅದನ್ನು ಉಳಿಸುವುದು ತಾಯಿಯನ್ನೂ ಮಗುವನ್ನೂ ಏಕಕಾಲಕ್ಕೆ ವಂಚಿಸಿದಂತೆ.

ಆಕೆಯನ್ನು ಕೇಳುವ ರೀತಿಯೂ ಮುಖ್ಯ. "ಬನ್ನಿ, ಇಟ್ಟುಕೊಳ್ಳಿ" ಎಂಬುದು ಆಜ್ಞೆ. "ಹತ್ತು ಗಂಟೆಗೆ ರಕ್ತ ತೆಗೆಯಬೇಕಿದೆ, ನಿಮ್ಮ ಎದೆಯ ಮೇಲೇ ತೆಗೆಯಬಹುದು, ಹೀಗೆ ಆಗುತ್ತದೆ, ಬೇಡವೆನಿಸಿದರೆ ನಾನು ಹಿಡಿದುಕೊಳ್ಳುತ್ತೇನೆ" ಎಂಬುದು ಆಹ್ವಾನ. ಮೊದಲನೆಯದರಲ್ಲಿ ಆಕೆ ಸಕ್ಕರೆ ಹನಿಯ ಬದಲಿಗೆ ಬಳಸುವ ವಸ್ತು. ಎರಡನೆಯದರಲ್ಲಿ ಬೇಡವೆನ್ನುವ ದಾರಿ ತೆರೆದಿರುವುದರಿಂದಲೇ ಹೂಂ ಎನ್ನುವುದಕ್ಕೆ ತೂಕ ಬರುತ್ತದೆ. ಹೂಂ ಎಂದವಳು ಇನ್ನೊಂದನ್ನೂ ಮಾಡತೊಡಗುತ್ತಾಳೆ: ಪ್ರತಿ ಚುಚ್ಚುವಿಕೆಯೂ ತನ್ನ ಎದೆಯ ಮೇಲೇ ನಡೆಯುವುದರಿಂದ ಎಣಿಸತೊಡಗುತ್ತಾಳೆ. ಬೆಳಿಗ್ಗೆ ತೆಗೆದಿದ್ದಿರಲ್ಲ, ಮಧ್ಯಾಹ್ನದ್ದನ್ನೂ ಆಗಲೇ ಸೇರಿಸಿ ತೆಗೆಯಬಹುದಿತ್ತೇ, ಹಿಮ್ಮಡಿಯ ಬದಲು ರಕ್ತನಾಳದಿಂದ ತೆಗೆದರೆ ನೋವು ಕಡಿಮೆಯಂತೆ ಹೌದೇ, ಈ ಪರೀಕ್ಷೆ ಇವತ್ತೇ ಆಗಬೇಕೇ? ದಿನ ತುಂಬಿದ ಶಿಶುಗಳಲ್ಲಿ, ಕೈ ಪಳಗಿದವರು ತೆಗೆದಾಗ, ರಕ್ತನಾಳದಿಂದ ತೆಗೆಯುವುದರಲ್ಲಿ ಹಿಮ್ಮಡಿ ಚುಚ್ಚುವುದಕ್ಕಿಂತ ನೋವು ಕಡಿಮೆ ಎಂಬುದಕ್ಕೆ ಆಧಾರವಿದೆ. ತೀರ ಪುಟ್ಟ ಶಿಶುಗಳ ರಕ್ತನಾಳಗಳನ್ನು ಡ್ರಿಪ್‌ಗಾಗಿ ಉಳಿಸಿಕೊಳ್ಳಬೇಕಾದ್ದರಿಂದ ಅಲ್ಲಿ ಉತ್ತರ ಅಷ್ಟು ಸರಳವಲ್ಲ. ಪರೀಕ್ಷೆಗಳನ್ನು ಒಟ್ಟುಗೂಡಿಸಿ ಒಮ್ಮೆಗೇ ಮಾದರಿ ತೆಗೆಯುವುದಕ್ಕೆ ಮಾತ್ರ ಬಹುತೇಕ ಕಡೆ ಅಡ್ಡಿಯಿರುವುದು ರೂಢಿಯೊಂದೇ. ತಾಯಿ ಹೊರಗೆ ನಿಂತಿದ್ದಾಗ ಈ ಪ್ರಶ್ನೆಗಳನ್ನು ಘಟಕದಲ್ಲಿ ಕೇಳುವವರು ಯಾರೂ ಇರಲಿಲ್ಲ.